ಕಿಟಕಿಯಿಂದ ಕಂಡ ಸೈನಿಕ

“ವಾರ್ಜಾಜಾತ್‌ನಲ್ಲಿ ನಾನು ದಾರಿ ಕೇಳೋದಾ? ಕಣ್ಣಿಗೆ ಬಟ್ಟೆ ಕಟ್ಟಿ ಬಿಡು, ನೆಟ್ಟಗೆ ನಿನ್ನ ತವರಿನ ಬಾಗಿಲಿಗೇ ಹೋಗಿ ನಿಲ್ತೀನಿ!”

ಬಸ್ಸಿನಿಂದ ಇಳಿಯುತ್ತಲೇ ಬಾಸ್ಸು ಹೀಗೆ ಘೋಷಿಸಿಬಿಟ್ಟ. ಹೆಂಡತಿ ತೂದಾ ಮಂಡಿ ನೀವಿಕೊಳ್ಳುತ್ತಾ, “ಕಣ್ಣು ಬಿಟ್ಕೊಂಡೇ ಕಾಸಾಬ್ಲಾಂಕಾದಲ್ಲಿ ತಪ್ಪು ಬಸ್ಸು ಹತ್ತಿಸಿದ್ರಲ್ಲ!” ಎಂದಳು.

ತೂದಾಳ ತವರೆಂದರೆ ಮಣ್ಣಿನ ಕೋಟೆಮನೆ. ಮಳೆಗೆ ಮುಕ್ಕಾಲು ಪಾಲು ಕರಗಿದೆ, ಉಳಿದದ್ದನ್ನೂ ಖರ್ಜೂರದ ಕೊಯ್ಲು ಮುಗಿದ ಕೂಡಲೇ ಕೆಡವುತ್ತೇವೆ ಎಂದು ಅಣ್ಣನ ಮಗ ಫೋನು ಮಾಡಿದ್ದ. ಮೇಲಿನ ಕಿಟಕಿ ಇನ್ನೂ ನಿಂತಿದೆಯಂತೆ. ಅಲ್ಲೊಮ್ಮೆ ಕೂತು ಹೊರಗೆ ನೋಡಬೇಕು. ತೂದಾಳಿಗೆ ಇದ್ದದ್ದು ಅದೊಂದೇ ಆಸೆ.

ಅವಳು ಗಂಡನನ್ನು ಆರಿಸಿಕೊಂಡದ್ದೇ ಆ ಕಿಟಕಿಯಿಂದ! ಆಗ ಹೊಳೆದಂಡೆಯಲ್ಲಿ ಸಿನಿಮಾದವರ ರೋಮನ್ ಸೈನ್ಯ ಸಾಲಾಗಿ ನಿಂತಿತ್ತು. ಅದರಲ್ಲೊಬ್ಬ ಸುಡುವ ಬಿಸಿಲಲ್ಲಿ ಈಟಿ ಹಿಡಿದು ಸಂಜೆಯವರೆಗೆ ಕದಲಲಿಲ್ಲ. ತೂದಾ ಮನಸೋತಳು. ಮರುದಿನ ಬಾಸ್ಸು ಅದೇ ತಗಡಿನ ಟೋಪಿ ತೊಟ್ಟು ನೀರು ಕೇಳಲು ಬಂದಾಗ ನಾಚಿ ಬಿಂದಿಗೆಯನ್ನೇ ಕೈಬಿಟ್ಟಳು. ಈ ಕಥೆಯನ್ನು ಬಾಸ್ಸು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಕ್ಷೌರ ಮಾಡುವವನಿಗೆ, ಕೇಳದವರಿಗೂ ಹೇಳುತ್ತಾ ಬಂದಿದ್ದ. ಅವನೇನು ಸಾಮಾನ್ಯ ಕಲಾವಿದನೆ? ಒಂದೇ ಸಿನಿಮಾದಲ್ಲಿ ಎರಡೂ ಸೈನ್ಯ ಸೇರಿ, ತನ್ನನ್ನು ತಾನೇ ಇರಿದುಕೊಂಡು ಸತ್ತ ಮಹಾವೀರ!

ಮಹಾವೀರ ಈಗ ಬೇಲಿಯ ಸಂದಿಯೊಂದರಲ್ಲಿ ನುಗ್ಗಿದ. ಯಾರೂ ತಡೆಯಲಿಲ್ಲ. ವರ್ಷವಿಡೀ ಸಿನಿಮಾ ತೆಗೆಯುವ ಈ ಊರಿನಲ್ಲಿ ಜೆಲ್ಲಾಬಾ ನಿಲುವಂಗಿ ತೊಟ್ಟ ಮುದುಕ ಕಂಡರೆ ಎಲ್ಲರೂ ಗುಂಪಿನ ದೃಶ್ಯಕ್ಕೆ ಬಂದವನೆಂದೇ ತಿಳಿಯುತ್ತಾರೆ.

“ನೋಡೇ! ಅದೇ ಗೋಪುರ, ಅದೇ ಬಾಗಿಲು! ಮಳೆಗೆ ಒಂದು ಚೂರೂ ಕರಗಿಲ್ಲ!”

“ರೀ, ಸ್ವಲ್ಪ ನಿಲ್ಲಿ...”

ನಿಲ್ಲುವವನೆ? ಓಡಿಹೋಗಿ ಗೋಡೆ ತಬ್ಬಿಕೊಂಡ. “ಅತ್ತೇ! ನಿಮ್ಮ ಅಳಿಯ ಬಂದಿದ್ದೀನಿ!” ಎಂದು ಗೊಳೋ ಎಂದು ಅತ್ತ. ಆ ಅಂಗಳದ ಪುದೀನ ಚಹಾ, ಒಲೆಯಿಂದ ತೆಗೆದ ಬಿಸಿ ರೊಟ್ಟಿ, ಗದರುತ್ತಲೇ ದೊಡ್ಡ ತುಂಡನ್ನು ತನ್ನ ಕಡೆಗೆ ತಳ್ಳುತ್ತಿದ್ದ ಅತ್ತೆ, ಎಲ್ಲ ನೆನಪಾಗಿ ಹಣೆಯನ್ನು ಗೋಡೆಗೆ ಒತ್ತಿದ. ಗೋಡೆ ಲೊಟ್ಟೆಂದಿತು. ಹಣೆ ಒಳಗೆ ಹೋಯಿತು. ಹಣೆಯ ಹಿಂದೆ ಭುಜ, ಭುಜದ ಹಿಂದೆ ಇಡೀ ಬಾಸ್ಸು!

“ಕಟ್! ಕಟ್! ಕಟ್ಟಿದ್ದನ್ನೆಲ್ಲ ಕೆಡವಿದನಲ್ಲಪ್ಪ ಈ ಮುದುಕ!” ಎಂದು ಸಿನಿಮಾದ ನಿರ್ದೇಶಕ ಅರಚಿದ.

ಕಾವಲುಗಾರ ಓಡಿಬಂದು ಕಾಲು ಹಿಡಿದು ಎಳೆದ. “ಅಜ್ಜಾ, ಇದು ನಿನ್ನ ಅತ್ತೆ ಮನೆ ಅಲ್ಲ, ಬ್ಯಾಬಿಲೋನ್!”

ಮೈತುಂಬ ಬಿಳಿ ಪ್ಲಾಸ್ಟರ್ ಬಳಿದುಕೊಂಡು ಹೊರಬಂದ ಗಂಡನನ್ನು ನೋಡಿ ತೂದಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?”

“ಹೇಳೋಣ ಅಂತಿದ್ದೆ. ಅಮ್ಮ ಬದುಕಿದ್ದಾಗ ಒಂದು ದಿನವಾದ್ರೂ ಹೀಗೆ ತಬ್ಬಿಕೊಂಡವರಾ ನೀವು? ನೋಡೋಕೆ ಚೆನ್ನಾಗಿತ್ತು, ಸುಮ್ಮನಾದೆ.”

ಆಮೇಲೆ ದಾರಿ ತೋರಿಸಿದವಳು ತೂದಾಳೇ. ಮನೆ ಇತ್ತು, ಅರ್ಧ ಮಣ್ಣುಗುಡ್ಡೆಯಾಗಿ. ಅವಳು ಗೋಡೆ ಹಿಡಿದು ಸವೆದ ಮೆಟ್ಟಿಲು ಹತ್ತಿ ಕಿಟಕಿಯಲ್ಲಿ ಕೂತಳು. ಹೊಳೆ, ಬಾದಾಮಿ ಮರಗಳು, ಅಮ್ಮ ಕಂಬಳಿ ಒಣಗಿಸುತ್ತಿದ್ದ ಬಂಡೆ. ಇನ್ನು ಇಲ್ಲಿಂದ ಇದನ್ನು ಯಾರೂ ನೋಡುವುದಿಲ್ಲ ಎನಿಸಿ ಕಿಟಕಿಯ ಚೌಕಟ್ಟನ್ನು ಅಂಗೈಯಿಂದ ಸವರಿದಳು.

ಅವಳನ್ನು ನಗಿಸಬೇಕೆಂದು ಬಾಸ್ಸು ಹೊಳೆದಂಡೆಗೆ ಹೋಗಿ, ಎದೆಯುಬ್ಬಿಸಿ, ತಾನು ಅಂದು ನಿಂತಿದ್ದ ಜಾಗದಲ್ಲೇ ನಿಂತ.

“ತೂದಾ! ಕಾಣಿಸ್ತಿದ್ದೀನಾ?”

“ಇಲ್ಲ ರೀ! ಬಂಡೆ ಅಡ್ಡ ಇದೆ! ಎಡಕ್ಕೆ ಬನ್ನಿ, ಇನ್ನೂ ಎಡಕ್ಕೆ... ಹಾಂ, ಅಲ್ಲೇ! ನಾನು ನೋಡಿದ ಸೈನಿಕ ನಿಂತಿದ್ದದ್ದು ಅಲ್ಲೇ!”

ಬಾಸ್ಸುವಿನ ಎದೆ ನಿಧಾನವಾಗಿ ಇಳಿಯಿತು. ಮೆಟ್ಟಿಲ ಬುಡಕ್ಕೆ ಬಂದು ಮೆಲ್ಲಗೆ ಹೇಳಿದ.

“ಅಲ್ಲಿ ಮನುಷ್ಯರನ್ನ ನಿಲ್ಲಿಸಿರಲಿಲ್ಲ ಕಣೇ. ಸೈನ್ಯ ದೊಡ್ಡದಾಗಿ ಕಾಣಲಿ ಅಂತ ಆ ಕಡೆಗೆಲ್ಲ ಹುಲ್ಲು ತುಂಬಿದ ಗೊಂಬೆ ಇಟ್ಟಿದ್ರು.”

ತೂದಾ ಕಿಟಕಿಯಿಂದ ಬಗ್ಗಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅದಕ್ಕೇ! ಅಷ್ಟು ಗಂಭೀರವಾಗಿದ್ದ ಗಂಡು ಮದುವೆ ಆದ ಮೇಲೆ ಇಷ್ಟೊಂದು ಮಾತಾಡೋದು ಎಲ್ಲಿ ಕಲಿತ ಅಂತ ನಾನು ಇವತ್ತಿನವರೆಗೂ ಯೋಚಿಸ್ತಾ ಇದ್ದೆ!”