ಉಗಿಬಂಡಿ ಏರಿದ ಪಗಡಿ

ಜನಾರ್ದನ ಕೋಠಾರೆಯ ಹೆಂಡತಿ ಸುಂದರಾಬಾಯಿ ಮುನಿಸಿಕೊಂಡು ಠಾಣೆ ಊರಿನ ತವರಿಗೆ ಹೋಗಿ ಕೂತಿದ್ದಳು. ಕಾರಣ ಇಷ್ಟೇ: ಗಿರಗಾಂವದ ವಠಾರದಲ್ಲಿ ಪಕ್ಕದ ಮನೆಯ ಕಾಶಿಕಾಕುವನ್ನು ಕೇಳದೆ ಜನಾರ್ದನ ಕ್ಷೌರವನ್ನೂ ಮಾಡಿಸಿಕೊಳ್ಳುತ್ತಿರಲಿಲ್ಲ. "ಮಂಗಳವಾರ ಸಂಜಿಯೊಳಗ, ಯಾರನ್ನೂ ಕೇಳದ, ನಿಮ್ಮ ಬುದ್ಧಿಯಿಂದ ನೀವ ಬಂದು ಕರೀರಿ. ಬರ್ತೀನಿ. ಇಲ್ಲಾಂದ್ರ ನಾ ಇಲ್ಲೇ" ಎಂದು ಹೇಳಿ ಕಳಿಸಿದ್ದಳು.

ಮಂಗಳವಾರ ನಸುಕಿನಲ್ಲಿ ಅವನು ಬಾಗಿಲ ಚಿಲಕ ತೆಗೆದ ಸದ್ದಿಗೇ ಕಾಶಿಕಾಕು ಹೊರಗೆ ಬಂದಳು.

"ಎಲ್ಲಿಗೋ ಜನೂ?"

"ಠಾಣೆಕ್ಕ, ಕಾಕು. ಹೊಸ ಉಗಿಬಂಡಿಯೊಳಗ."

"ಮಂಗಳವಾರ ಬಡಗ ದಿಕ್ಕಿಗೆ? ಹೆಂಡ್ತಿ ಕರಕೊಂಡು ಬರ್ಲಿಕ್ಕೆ ಹೊಂಟೀಯೋ, ಜೀವ ಬಿಡ್ಲಿಕ್ಕೋ? ಹೊತ್ತು ಹುಟ್ಟೋದ್ರಾಗ ಪ್ರಸ್ಥಾನ ಇಡು!"

ಇಲ್ಲ ಎನ್ನಬೇಕೆಂದು ಜನಾರ್ದನ ಬಾಯಿ ತೆರೆದ. ತೆರೆದ ಬಾಯಿಂದ "ಆಗ್ಲಿ ಕಾಕು" ಎಂದು ಬಂತು. ಒಳ್ಳೆಯ ಗಳಿಗೆಯಲ್ಲಿ ತನ್ನದೊಂದು ವಸ್ತುವನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಟ್ಟರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಎಷ್ಟು ಹೊತ್ತಿಗಾದರೂ ಅದನ್ನೆತ್ತಿಕೊಂಡು ನಡೆಯಬಹುದು. ಆ ವಸ್ತು ಮುಂದೆ ಹೋಗಬಹುದು, ಹಿಂದೆ ಮಾತ್ರ ಬರಕೂಡದು. ಜನಾರ್ದನ ತನ್ನ ಕೆಂಪು ಪಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕಾಕುವಿನ ಮನೆಯಲ್ಲಿಟ್ಟ. ಅವನಿಗಿದ್ದದ್ದು ಅದೊಂದೇ. ಹಳೆಯದರಲ್ಲಿ ಇಲಿ ಸಂಸಾರ ಹೂಡಿತ್ತು.

ಸ್ನಾನ ಮುಗಿಸಿ ಬಂದರೆ ಕಾಕುವಿನ ಮನೆಯಲ್ಲಿ ಪಗಡಿ ಇಲ್ಲ.

"ಬೆಕ್ಕು ಅದರ ಬಾಜೂಕ ಮರಿ ಹಾಕಿತಪ್ಪಾ! ಮೈಲಿಗಿ ಆಗ್ತದಂತ ಭುಲೇಶ್ವರದಾಗ ನಮ್ಮ ತಮ್ಮ ವಿಠೋಬಾನ ಮನಿಗೆ ಕಳಿಸಿಬಿಟ್ಟೆ. ಮುಂದನ ಹೋಗೇದಲ್ಲ, ಚಲೋನ ಆತು."

ಬರಿದಲೆಯಲ್ಲಿ ಬೀದಿಗಿಳಿದವನನ್ನು ಕಂಡವರೆಲ್ಲ ನಿಂತು, "ಯಾರು ಹೋದ್ರಪಾ ಮನ್ಯಾಗ?" ಎಂದು ಮರುಗಿದರು. ಎಲ್ಲರಿಗೂ ಪಗಡಿಯ ಕತೆ ಹೇಳುತ್ತ ಭುಲೇಶ್ವರ ಮುಟ್ಟುವಷ್ಟರಲ್ಲಿ ವಿಠೋಬಾನ ಮನೆಗೆ ಬೀಗ. ರಸ್ತೆ ಅಗಲ ಮಾಡುವವರು ಬಾಗಿಲೆದುರೇ ಅಗೆಯುತ್ತಿದ್ದರು. ಅವರಲ್ಲೊಬ್ಬ, "ಧೂಳು ಬೀಳ್ತದಂತ ಗಂಟು ಹೊತ್ಕೊಂಡು ಬೋರಿಬಂದರದ ಉಗಿಬಂಡಿ ನಿಲ್ದಾಣಕ್ಕ ಹೋದ್ರು" ಎಂದ.

ಜನಾರ್ದನ ಓಡಿದ. ಹತ್ತಿಯ ಗಾಡಿಗಳು ಬಂದರಿನವರೆಗೂ ಸಾಲುಗಟ್ಟಿದ್ದವು. ಆ ಊರೋ, ನಿನ್ನೆ ದೋಣಿ ನಿಂತಲ್ಲಿ ಇವತ್ತು ಗೋದಾಮು ನಿಲ್ಲಿಸುವ ಊರು. ಅವನು ಬಲ್ಲ ಓಣಿಗೆ ಗೋಡೆ ಬಂದಿತ್ತು. ಸುತ್ತಿ ಬಳಸಿ ನಿಲ್ದಾಣ ಸೇರಿದಾಗ ಉಗಿಬಂಡಿ ಕೂಗಿ ಹೊರಟಾಗಿತ್ತು. ವಿಠೋಬಾ ಕೈಬೀಸುತ್ತ ನಿಂತಿದ್ದ.

"ವಿಠೂಮಾಮಾ! ನನ್ನ ಪಗಡಿ?"

"ಚಿಂತಿ ಬಿಡು! ಠಾಣೆದಾವ ಒಬ್ಬ ಸಿಕ್ಕಿದ್ದ. ನಿಮ್ಮ ಮಾವನ ಮನಿಗೇ ಮುಟ್ಟಿಸು ಅಂತ ಕೊಟ್ಟು ಕಳಿಸೀನಿ. ಇದಕ್ಕಿಂತ ಮುಂದ ಎಲ್ಲಿ ಹೋದೀತು?"

ಮುಂದಿನ ಗಾಡಿ ಸಿಕ್ಕಿದ್ದು ಮಧ್ಯಾಹ್ನದ ಮೇಲೆ. ಸೂರಿಲ್ಲದ ಡಬ್ಬಿಯಲ್ಲಿ ಎಂಜಿನ್ನಿನ ಹಿಂದೆಯೇ ನಿಂತು ಮಸಿ ಮೆತ್ತಿಸಿಕೊಂಡ. ಆದರೂ ಹಿಗ್ಗು. ಸಂಜೆಗಿನ್ನೂ ಹೊತ್ತಿತ್ತು; ಸುಂದರಾ ಬರುತ್ತಾಳೆ!

ಇತ್ತ ಠಾಣೆಯಲ್ಲಿ ಆಗಬಾರದ್ದು ಆಗಿತ್ತು. ಆ ಗಾಡಿ ದಿನಕ್ಕೊಂದು ತಲೆ ತಿಂದೇ ಓಡುತ್ತದೆಂದು ಊರೆಲ್ಲ ನಂಬಿತ್ತು. ಅಂಥ ಗಾಡಿಯಿಂದ ಅಳಿಯನ ಪಗಡಿ ಬಂತು, ತಲೆ ಬರಲಿಲ್ಲ. ತಂದವನನ್ನು ಕೇಳಿದರೆ "ಇಷ್ಟೇ ಕೊಟ್ರು" ಎಂದು ಹೋಗಿಬಿಟ್ಟ. ಮನೆಯಲ್ಲಿ ಗೋಳೋ ಎಂದು ಅಳು ಎದ್ದಿತು. ಎಲ್ಲರೂ ಉಟ್ಟ ಬಟ್ಟೆಯಲ್ಲೇ ಮಿಂದರು. ಪುರೋಹಿತ ಬಾಳಂಭಟ್ಟರು ಓಡಿಬಂದು ಎಳ್ಳುನೀರನ್ನೂ ಬಿಡಿಸಿದರು.

ಆಗ ಬಾಗಿಲಲ್ಲಿ ಕಪ್ಪಗೆ, ಬರಿದಲೆಯಲ್ಲಿ, ಹಲ್ಲು ಕಿಸಿದುಕೊಂಡು ಜನಾರ್ದನ ನಿಂತ.

ಮಾವ ಅಣ್ಣಾಸಾಹೇಬರ ಮನೆತನದ ಹೆಸರು ಧೈರ್ಯವಾನ. ಅವರು "ದೆವ್ವ!" ಎಂದು ಚೀರಿ ಅಟ್ಟ ಏರಿದರು. ಅತ್ತೆ ಎಸೆದ ಒನಕೆ ಅಳಿಯನ ಕಿವಿ ಸವರಿ ಹೋಯಿತು. ಒಬ್ಬಳೇ ಒಬ್ಬಳು ಕದಲಲಿಲ್ಲ. ಕೈತುಂಬ ಬಳೆ ಹಾಕಿಕೊಂಡೇ ಸುಂದರಾಬಾಯಿ ಅವರೆಕಾಯಿ ಬಿಡಿಸುತ್ತಿದ್ದಳು.

"ನಾ ಹೇಳ್ಲಿಲ್ಲೇನು? ಗಾಡಿಗೆ ಬಲಿ ಆಗ್ಬೇಕಂದ್ರ ಮೊದ್ಲ ಹೊತ್ತಿಗೆ ಸರಿಯಾಗಿ ಗಾಡಿ ಮುಟ್ಟಬೇಕಲ್ಲ ಇವರು!" ಎಂದವಳ ಕಣ್ಣಲ್ಲಿ ನೀರಿತ್ತು. ಎದ್ದು ಸೆರಗಿನಿಂದ ಗಂಡನ ಮುಖದ ಮಸಿ ಒರೆಸಿದಳು. "ಅಂತೂ ಬಂದ್ರಿ. ನಡೀರಿ, ಹೋಗೋಣ."

ಜನಾರ್ದನನಿಗೆ ಸ್ವರ್ಗ ಮೂರೇ ಗೇಣು.

"ನಿಂದರ್ರಿ!" ಎಂದರು ಬಾಳಂಭಟ್ಟರು. "ಎಳ್ಳುನೀರು ಬಿಟ್ಟಾಗೇದ. ಶಾಸ್ತ್ರದಾಗ ಇವರು ಸತ್ತಂಗ. ಬದುಕಬೇಕಂದ್ರ ಮತ್ತ ಹುಟ್ಟಬೇಕು! ಜಾತಕರ್ಮ, ತೊಟ್ಟಿಲು, ನಾಮಕರಣ, ಮುಂಜಿ, ಆಮ್ಯಾಲೆ ಇದೇ ಹೆಂಡ್ತಿ ಜೋಡಿ ಮತ್ತ ಮದುವಿ."

ಅಟ್ಟದ ಮೇಲಿಂದ ಮಾವ, "ಮತ್ತ ಮದುವೀ ಖರ್ಚೇನು?" ಎಂದು ನರಳಿದರು.

"ಎಲ್ಲಾ ಒಂದ ದಿನದಾಗ ಮುಗಿಸಬಹುದು. ಹುಡುಗಿ ಒಪ್ಪಿದ್ರ ಆತು" ಎಂದರು ಭಟ್ಟರು.

ಎಲ್ಲರೂ ಸುಂದರಾಬಾಯಿಯತ್ತ ತಿರುಗಿದರು. ಅವಳಿಗೆ ನಾಚಿಕೆಯೂ ಬಂತು, ನಗೆಯೂ ಬಂತು. ಇನ್ನೇನು ಹೂಂ ಎನ್ನುವವಳಿದ್ದಳು.

ಜನಾರ್ದನ ಹಿಗ್ಗಿ ಹೀರೇಕಾಯಿಯಾಗಿ ಎದ್ದು ನಿಂತ. "ಇವತ್ತ ಮಾಡಿಬಿಡೋಣ್ರಿ ಭಟ್ರ! ಆದ್ರ ಇವತ್ತು ಮಂಗಳವಾರ... ಗಳಿಗಿ ಹೆಂಗದ ಅಂತ ನಮ್ಮ ಕಾಶಿಕಾಕುನ ಒಂದು ಮಾತು ಕೇಳಿ..."

ಸುಂದರಾಬಾಯಿ ಮತ್ತೆ ಕೂತು ಅವರೆಕಾಯಿಯ ಬುಟ್ಟಿ ಎಳೆದುಕೊಂಡಳು.

"ಹುಡುಗ ಇನ್ನೂ ಭಾಳ ಸಣ್ಣಾವ ಇದ್ದಾನ್ರಿ, ಭಟ್ರ" ಎಂದಳು. "ಬೆಳೀಲಿ. ಆಮ್ಯಾಲೆ ನೋಡೋಣಂತ."