ಸ್ವಗತ ಯಾರಿಗೂ ಕೇಳಿಸುವುದಿಲ್ಲ

ನನಗೆ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ರುದ್ರಪ್ಪ. ಕೊಕ್ಕನೂರಿನ ಬಸ್ ಸ್ಟಾಪಿನಲ್ಲಿ, ನಿಂತಿದ್ದವರೆಲ್ಲ ಕೇಳುವ ಹಾಗೆ ಹೇಳಿದರು: "ನಮ್ಮ ಮನ್ಯಾಗ ಯಾರೂ ಕಾಲೇಜು ಮುಗ್ಸಿಲ್ಲ. ನೀನೂ ದಾವಣಗೆರೆ ನೋಡ್ಕೊಂಡು ಬರ್ತಿ, ಅಷ್ಟೆ." ನಾನು ಕೋಪಿಸಿಕೊಳ್ಳಲಿಲ್ಲ. ಮಾವ ಊರ ನಾಟಕದಲ್ಲಿ ಖಳನ ಪಾತ್ರ ಮಾಡುವವರು. ಮೀಸೆ ತಿರುವಿ ಇಂಥ ಮಾತಾಡುವುದು ಅವರಿಗೆ ರೂಢಿಯಾಗಿಬಿಟ್ಟಿದೆ. ಹರಿಹರದಲ್ಲಿ ಬಸ್ ಬದಲಿಸಿ ಕಾಲೇಜಿಗೆ ಹೋಗಿ, ಐಚ್ಛಿಕ ಕನ್ನಡ ಓದತೊಡಗಿದ ಮೇಲೆ, ಇಂಥವರಿಗೆ ಪ್ರತಿನಾಯಕ ಎನ್ನುತ್ತಾರೆಂದು ತಿಳಿದು ಇನ್ನಷ್ಟು ಸಮಾಧಾನವಾಯಿತು. ಮನುಷ್ಯರ ಮೇಲೆ ಸಿಟ್ಟು ಬರುತ್ತದೆ, ಪರಿಭಾಷೆಯ ಮೇಲೆ ಬರುವುದಿಲ್ಲ.

ಉಳಿದದ್ದೆಲ್ಲ ಪಾಸಾಗಿ, ನಾಟಕದ ಪತ್ರಿಕೆಯೊಂದರಲ್ಲಿ ನಪಾಸಾದೆ. ಇದಕ್ಕೆ ಕಾರಣ ನಮ್ಮೂರು. 'ನಾಯಕ ಎಂದರೆ ಯಾರು?' ಎಂಬ ಪ್ರಶ್ನೆಗೆ ನಾನು ಕಣ್ಣಾರೆ ಕಂಡದ್ದನ್ನೇ ಬರೆದಿದ್ದೆ: ತಾಲೀಮು ಮುಗಿಯುವವರೆಗೆ ನಾಟಕದ ಮಾಸ್ತರರಿಗೆ ಯಾರ ಮನೆಯಲ್ಲಿ ಊಟವೋ, ಆ ಮನೆಯ ಮಗನೇ ನಾಯಕ. ನಮ್ಮಲ್ಲಿ ಇದರ ಬಗ್ಗೆ ತಕರಾರೇ ಇಲ್ಲ. ರೊಟ್ಟಿ ಮೆತ್ತಗಿದ್ದ ಮನೆಯ ಹುಡುಗ ತೊದಲುತ್ತಲೇ ರಾಜ್ಯವಾಳಿದ್ದಾನೆ. ಮಾಸ್ತರರು ಒಮ್ಮೆ ಮಾವನ ಮನೆಯಲ್ಲೂ ಉಂಡಿದ್ದರು. ಅತ್ತೆ ಹಿಂದಿನ ದಿನದ ಸಾರು ಬಡಿಸಿದರು. ಅಂದಿನಿಂದ ಮಾವ ಖಳ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿದ್ದ ನಮ್ಮ ಕನ್ನಡ ಮೇಡಂ ಮನೆಗೆ ಹೋಗಿ, ಬರೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದರು.

"ನಾಯಕನ ಲಕ್ಷಣದಲ್ಲಿ ಊಟ ಎಲ್ಲಿಂದ ಬಂತಮ್ಮಾ?"

"ಅವರ ಮನಿಯಿಂದಾನೇ ಮೇಡಂ. ನಮ್ಮೂರಾಗ ಹಂಗೇ ರೀ."

"ನಾಟಕದ ಸಂಘರ್ಷ ಯಾರ ಸುತ್ತ ನಡೆಯುತ್ತೋ ಅವನು ನಾಯಕ. ಮತ್ತೆ ಪರೀಕ್ಷೆಗೆ ಕಟ್ಟು. ಈ ಸಲ ಊಟದ ವಿಷಯ ಬೇಡ."

ಅದೊಂದು ಪತ್ರಿಕೆ ಕೈಕೊಟ್ಟರೆ ಡಿಗ್ರಿಯೇ ಇಲ್ಲ. ಮಾವನ ಮಾತೇ ನಿಜವಾಗುತ್ತಿತ್ತು. ಅವರು ಮನೆಗೇ ಬಂದು ವಿಚಾರಿಸಿದರು: "ಏನವ್ವಾ, ನಾಟಕದಾಗ ಫೇಲಂತೆ? ನನ್ನ ಕೇಳಿದ್ರೆ ಹೇಳ್ಕೊಡ್ತಿದ್ನೆಲ್ಲ."

"ಸುಮ್ನಿರ್ರಿ ಮಾವ, ನಿಮ್ಮ ನಾಟ್ಕ ನೋಡೇ ಫೇಲಾಗಿದ್ದು."

ಆಮೇಲೆ ಒಂದು ಉಪಾಯ ಮಾಡಿದೆ. ಬಾಯಿಪಾಠ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಮನೆಯವರು ನಿಲ್ಲುತ್ತಾರೆ. ಹಾಗಾಗಿ ಒಂದೊಂದು ಪದವನ್ನು ಒಬ್ಬೊಬ್ಬರಿಗೆ ಅಂಟಿಸಿದೆ. ಅಪ್ಪ ಚಪ್ಪಟೆ ಪಾತ್ರ. ಬಿತ್ತನೆ, ಮದುವೆ, ಮೋಟರು ರಿಪೇರಿ, ಏನು ಕೇಳಿದರೂ "ನೋಡಣ" ಅನ್ನುತ್ತಾನೆ, ಕಥೆ ಎಷ್ಟು ಮುಂದೆ ಹೋದರೂ ಬದಲಾಗುವುದಿಲ್ಲ. ಅವ್ವನಿಗೆ ಬಂದದ್ದು ಸ್ವಗತ. ಒಲೆ ಮುಂದೆ ಕೂತು, "ನೀರು ತರೋರಿಲ್ಲ, ಎಮ್ಮಿ ಕಟ್ಟೋರಿಲ್ಲ, ನಾ ಒಬ್ಬಾಕಿ ಎಷ್ಟಂತ ಸಾಯ್ಲಿ" ಎಂದು ಅವಳು ಶುರುಮಾಡುತ್ತಿದ್ದಂತೆ ನಾನು ಗೋಡೆಗೊರಗಿ ಗಟ್ಟಿಯಾಗಿ ಓದುತ್ತಿದ್ದೆ: ಸ್ವಗತವು ಪ್ರೇಕ್ಷಕರಿಗೆ ಮಾತ್ರ ಕೇಳಿಸುತ್ತದೆ, ರಂಗದ ಮೇಲಿರುವ ಇತರ ಪಾತ್ರಗಳಿಗೆ ಕೇಳಿಸುವುದಿಲ್ಲ. ಎಂಥ ಕರಾರುವಾಕ್ಕಾದ ಮಾತು! ನಮ್ಮ ಮನೆಯಲ್ಲಿ ನಿಜವಾಗಿಯೂ ಯಾರಿಗೂ ಕೇಳಿಸುತ್ತಿರಲಿಲ್ಲ. ದನಿ ಏರಿ ಪಾತ್ರೆ ಸದ್ದಾದರೆ 'ಪರಾಕಾಷ್ಠೆ' ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಪುಟ ತಿರುವುತ್ತಿದ್ದೆ.

ಪರೀಕ್ಷೆಯಲ್ಲಿ ಸ್ವಗತದ ಮೇಲೆಯೇ ದೊಡ್ಡ ಪ್ರಶ್ನೆ ಬಂತು. ನಿದರ್ಶನ ಹುಡುಕಿ ನಾನು ತಡಕಾಡಲಿಲ್ಲ. ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ.

ಸರ್ಟಿಫಿಕೇಟ್ ತಂದ ದಿನ ಮಾವ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಒರಿಜಿನಲ್ಲೇ ಐತೆ ಬಿಡು" ಎಂದು ಒಪ್ಪಿಕೊಂಡರು. ನಾನು ಅದನ್ನು ಇಸಿದುಕೊಂಡು ಅವ್ವನ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ನನ್ನ ಹೆಸರೆಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿ ಏನಾದರೂ ದೊಡ್ಡ ಮಾತು ಹೇಳುತ್ತಾಳೆಂದು ಎದುರಿಗೇ ನಿಂತಿದ್ದೆ.

"ಓದಿದ್ದು ಮುಗೀತಲ್ಲ?" ಎಂದಳು. "ಇನ್ನ ಮ್ಯಾಲಾರ ನಾ ಮಾತಾಡಿದ್ರೆ ಓ ಅನ್ನು."