ತಲೆ ನೋಡಿದರೆ ಸಾಕು

ಟೋಂಗಾದ ನಮ್ಮ ಪುಟ್ಟ ದ್ವೀಪದಲ್ಲಿ ಕಾಗದಕ್ಕೆ ಬರ. ಹಾಗಾಗಿ ಕಾಗದದ ಖಾಲಿ ಬೆನ್ನು ಕಂಡರೆ ಲುಪೇಟಿ ಮೇಷ್ಟ್ರ ಕೈ ಸುಮ್ಮನಿರುತ್ತಿರಲಿಲ್ಲ. ಶಾಲೆಗೆ ಬಂದ ಫೋಟೋದವನ ಪತ್ರವನ್ನು ಮುಖ್ಯೋಪಾಧ್ಯಾಯಿನಿ ಅನಸೇನಿ ಮೇಷ್ಟ್ರ ಕೈಗಿತ್ತು, "ಗುರುವಾರ ದೋಣೀಲಿ ಬರ್ತಾನಂತೆ, ನೀವೇ ನೋಡ್ಕೊಳ್ಳಿ" ಎಂದದ್ದೇ ತಡ, ಮೇಷ್ಟ್ರು ಅದನ್ನು ಮಗುಚಿ ಮಕ್ಕಳ ಸಾಲಿನ ಗೆರೆ ಎಳೆಯತೊಡಗಿದರು.

ಹೋದ ವರ್ಷ ಫೋಟೋಗೆಂದು ಇಡೀ ಶಾಲೆಯನ್ನು ಎತ್ತರದ ಪ್ರಕಾರ ಒಂದೇ ಸಾಲು ಮಾಡುವಷ್ಟರಲ್ಲಿ ಉಬ್ಬರದ ನೀರಿಳಿದು, ದೋಣಿ ಹೊರಟೇಹೋಗಿತ್ತು. ಈ ಸಲ ಮೇಷ್ಟ್ರಿಗೆ ಇನ್ನೊಂದು ಸಂಕಟ. ಅವರು ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ಪಾಠ ಮಾಡುವ ಕೋಣೆಯ ಮೇಲೆ ಚಾಪೆ ಹೆಣೆಯುವ ಹೆಂಗಸರ ಕಣ್ಣು ಬಿದ್ದಿತ್ತು. ಈ ವಿದ್ಯೆಯಿಂದ ಒಂದಾದರೂ ಉಪಯೋಗ ತೋರಿಸಿ, ಇಲ್ಲದಿದ್ದರೆ ಸೋಮವಾರದಿಂದ ಕೋಣೆ ಅವರಿಗೆ ಎಂದು ಅನಸೇನಿ ಹೇಳಿಬಿಟ್ಟಿದ್ದರು.

ಗುರುವಾರ ಐದು ತರಗತಿಗಳು ಅಂಗಳದಲ್ಲಿ ಐದು ಸಾಲಾಗಿ, ಗಿಡ್ಡರು ಮುಂದೆ, ಉದ್ದದವರು ಹಿಂದೆ ನಿಂತವು. ಐದನ್ನೂ ಒಂದೇ ಸಾಲು ಮಾಡಲು, ಸಾಲು ಒಡೆದು ಎಲ್ಲರನ್ನೂ ಮೊದಲಿಂದ ಅಳೆಯೋಣವೆಂದು ಆಟದ ಮೇಷ್ಟ್ರು ಮಹೇ ಬಿದಿರುಕೋಲು ತಂದರು.

"ಅಳೆಯೋದೇ ಬೇಡ," ಎಂದರು ಲುಪೇಟಿ. "ಐದು ಸಾಲಿನ ತಲೆ ನೋಡಿದ್ರೆ ಸಾಕು. ಐದರಲ್ಲಿ ಯಾರು ಗಿಡ್ಡಗಿದ್ದಾರೋ ಅವರನ್ನ ಈಚೆ ಹೊಸ ಸಾಲಿಗೆ ಕಳಿಸಿ. ಹಿಂದಿನವರು ಮುಂದೆ ಬರ್ತಾರೆ. ಮತ್ತೆ ಐದೇ ತಲೆ."

"ಹಿಂದೆ ನಿಂತಿರೋ ಅಷ್ಟೂ ಜನ?"

"ಅವರ ಕಡೆ ತಿರುಗಿಯೂ ನೋಡ್ಬೇಡಿ."

ಮಹೇ ನಂಬಲಿಲ್ಲ. ಚಾಪೆ ಹೆಣೆಯುವ ಲೋಸಲೀನೆ ಆಗಲೇ ಕೋಣೆಯ ಬಾಗಿಲನ್ನು ಮೊಳ ಹಾಕಿ ಅಳೆಯುತ್ತಿದ್ದಳು. ನಡುವೆ ಮೂರನೆಯ ಸಾಲಿನ ತಲೆ ನೀರು ಕುಡಿಯಲು ಹೋಗಿ ಎಲ್ಲ ನಿಂತಿತು. ತುರುಬಿನ ಎತ್ತರ ಲೆಕ್ಕಕ್ಕುಂಟೇ ಎಂದು ಮಹೇ ತಗಾದೆ ತೆಗೆದರು. ನಮ್ಮ ಕಡೆಯ ಮರ್ಯಾದೆಯ ಉಡುಪೆಂದು ಲುಪೇಟಿ ಸೊಂಟಕ್ಕೆ ಸುತ್ತಿದ್ದ ಚಾಪೆ ಎರಡು ಸಲ ಜಾರಿತು. ಆದರೂ ಕಾಲು ಗಂಟೆಯೊಳಗೆ ನೂರೈವತ್ತು ಮಕ್ಕಳ ಒಂದೇ ಸಾಲು, ಒಂದು ತಲೆಯೂ ಹೆಚ್ಚುಕಡಿಮೆಯಾಗದೆ, ಕಡಲದಂಡೆ ಮುಟ್ಟಿತು. ಅನಸೇನಿ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಜನ್ಮ ಸಾರ್ಥಕವಾಯಿತು ಅನಿಸಿತು.

ಫೋಟೋದವನು ದೋಣಿಯಿಂದಿಳಿದು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. "ಇದೇನು, ಮೆರವಣಿಗೆನಾ? ನನ್ನ ಪತ್ರ ಓದಿಲ್ವಾ?"

ಮೇಷ್ಟ್ರು ಹೆಮ್ಮೆಯಿಂದ ಪತ್ರದ ಗೆರೆ ಎಳೆದ ಬೆನ್ನು ತೋರಿಸಿದರು. ಅವನು ಮಗುಚಿ ಅನಸೇನಿಯವರ ಮುಂದೆ ಹಿಡಿದ. ದಪ್ಪಕ್ಷರದ ತಲೆಬರಹ: ಈ ವರ್ಷ ಐದು ತರಗತಿಗೂ ಬೇರೆ ಬೇರೆ ಫೋಟೋ, ತರಗತಿಗೊಂದು ಸಾಲು, ಎತ್ತರದ ಪ್ರಕಾರ.

ಅಷ್ಟರಲ್ಲಿ ಸಾಲಿನ ತಲೆ ಕಡಲಿಗಿಳಿದಿತ್ತು, ಉಳಿದದ್ದು ಹಿಂಬಾಲಿಸಿತು. ಒದ್ದೆ ಮಕ್ಕಳನ್ನು ಹಿಡಿದು ಮತ್ತೆ ಐದು ಸಾಲು ಮಾಡುವಷ್ಟರಲ್ಲಿ ನೀರಿಳಿದು, ದೋಣಿ ಹೊರಟೇಹೋಯಿತು.

ಅನಸೇನಿ ಬೈಯಲಿಲ್ಲ. "ನೂರೈವತ್ತು ತಲೆ ನೋಡಿದ್ರಿ ಮೇಷ್ಟ್ರೇ, ಒಂದು ತಲೆಬರಹ ನೋಡಲಿಲ್ಲ" ಎಂದರಷ್ಟೆ.

ಸೋಮವಾರ ಕೋಣೆಗೆ ಚಾಪೆಗಳು ಬಂದವು. ಒಂದೊಂದರಲ್ಲೂ ಎಲೆಗಳನ್ನು ಉದ್ದದ ಪ್ರಕಾರ ಜೋಡಿಸಿದ್ದ, ಚಾಪೆ ಹೆಣೆಯುವ ಐದು ಎಲೆಕಂತೆಗಳನ್ನು ಲೋಸಲೀನೆ ಮೇಷ್ಟ್ರ ಮುಂದಿಟ್ಟು, ತಲೆ ನೋಡಿದರೆ ಸಾಕಂತಲ್ಲ, ಎಲ್ಲ ಸೇರಿಸಿ ಒಂದೇ ಕಂತೆ ಮಾಡಿಕೊಡಿ ಎಂದಳು. ಮೇಷ್ಟ್ರು ಕೂತರು. ಈ ಸಲ ಪ್ರತಿಯೊಂದು ಎಲೆಯನ್ನೂ ಮಗುಚಿ ನೋಡಿಯೇ ಕೆಲಸ ಶುರುಮಾಡಿದರು.